ಸೇತುವೆಯೊಳಗಿನ ಬೀಸುಕಲ್ಲು

ಮಸ್ಕಿಯಿಂದ ಬಳಗಾನೂರಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದರೆ, ನಮ್ಮೂರ ಹಳ್ಳದ ಮೇಲೊಂದು ಕಲ್ಲಿನ ಸೇತುವೆ ಇದೆ. ಎತ್ತುಗಳ ಬೆನ್ನ ಮೇಲೆ ಮೂಟೆ ಹೇರಿ ವ್ಯಾಪಾರ ಮಾಡುತ್ತಿದ್ದ ಕಾಲದ್ದು. ಅಗಲ ಒಂದೇ ಮಾರು. ಹೇರು ತಾಗಬಾರದೆಂದು ಬದಿಗೆ ಗೋಡೆಯನ್ನೇ ಕಟ್ಟಿಲ್ಲ. ಈಗ ಅದನ್ನು ದಿನಾ ದಾಟುವವಳು ಆದಮ್ಮ ಒಬ್ಬಳೇ. ಟ್ರ್ಯಾಕ್ಟರ್ ಹೋಗದ ಆಚೆ ಹೊಲಗಳಿಗೆ ಕತ್ತೆಯ ಮೇಲೆ ತಿಪ್ಪೆಗೊಬ್ಬರ ಸಾಗಿಸಿ ಹೊಟ್ಟೆ ಹೊರೆಯುತ್ತಾಳೆ.

"ಸಡಿಲಾದ ಕಲ್ಲು ಕಂಡ್ರ ಹಂಗ ದಾಟಬ್ಯಾಡ, ಕೂಡಿಸಿ ದಾಟು" ಎಂದು ಅವಳ ಅತ್ತೆ ಹೇಳಿದ್ದಳಂತೆ. ನಲವತ್ತು ವರ್ಷ ಹಾಗೇ ಮಾಡಿದಳು. ಕಲ್ಲು ಬಿದ್ದಾಗಲೆಲ್ಲ ಇನ್ನೊಂದು ತಂದು ಬಡಿದಳು. ಒಂದು ವರ್ಷ ಏನೂ ಸಿಗದೆ ಮನೆಯ ಒಡೆದ ಬೀಸುಕಲ್ಲನ್ನೇ ತುರುಕಿದಳು.

ಹೋದ ತಿಂಗಳು ಟೇಪು ಹಿಡಿದು ಪುರಾತತ್ವ ಇಲಾಖೆಯ ಇಬ್ಬರು ಸಾಹೇಬರು ಬಂದರು. ಒಬ್ಬರು ಅದೇ ಬೀಸುಕಲ್ಲಿನ ಗೀರು ಸವರಿ, "ನೋಡಮ್ಮ, ಏಳ್ನೂರು ವರ್ಷದ ಕೆತ್ತನೆ! ಒಂದು ಕಲ್ಲೂ ಬದಲಾಗಿಲ್ಲ. ಬದಲಾಗಿದ್ರೆ ಹಳೇದು ಅಂತ ಉಳಿಸ್ತಿರಲಿಲ್ಲ, ಕೆಡವಿ ಕಲ್ಲನ್ನ ರಸ್ತೆಗೆ ಹಾಕ್ತಿದ್ರು" ಎಂದರು. ಆದಮ್ಮ ತೆರೆದ ಬಾಯಿ ಮುಚ್ಚಿಕೊಂಡು ಸೀದಾ ನನ್ನ ಚಹಾದಂಗಡಿಗೆ ಬಂದಳು.

"ತಮ್ಮಾ, ಹೇಳಿಬಿಡ್ಲೇನು?"

"ಹೇಳಿದ್ರ ಕೆಡವ್ತಾರ ಯವ್ವಾ. ಸುಮ್ನಿರು."

ವಾರದಲ್ಲಿ ಬೋರ್ಡು ಬಂತು: ಸೇತುವೆಯ ಕಲ್ಲು ಮುಟ್ಟುವುದು ಅಪರಾಧ. ಯಾರಿಂದಲೋ ಓದಿಸಿಕೊಂಡು ಮತ್ತೆ ಬಂದಳು. "ಮುಟ್ಟದಿದ್ರ ಮಳಿಗೆ ಬೀಳ್ತೈತಿ. ಈಗೇನು ಮಾಡ್ಲಿ?"

"ಹಂಗಾದ್ರ ಹೇಳಿಬಿಡು."

"ಮೊನ್ನಿ ಬ್ಯಾಡಂದಿ!"

"ತಲಿ ತಿನಬ್ಯಾಡ ಹೋಗಬೇ!" ಎಂದು ಬೈದೆ. ನಿಜವಾಗಿ ನನಗೇ ತಿಳಿದಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಸಿಟ್ಟು ಮಾಡಿದೆ.

ಗುರುವಾರ ದೊಡ್ಡ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ನಾನೂ ಹಳ್ಳಕ್ಕೆ ಹೋದೆ. ಬೀಸುಕಲ್ಲು ಅರ್ಧ ಹೊರಗೆ ಬಂದಿತ್ತು. ಕತ್ತೆ ಸೇತುವೆಯ ಮೊದಲಲ್ಲೇ ಕಾಲೂರಿ ನಿಂತಿತ್ತು, ಎಷ್ಟು ದಬ್ಬಿದರೂ ಜಪ್ಪಯ್ಯ ಅನ್ನಲಿಲ್ಲ. ಓದು ಬಾರದ ಆದಮ್ಮ ಬೋರ್ಡನ್ನೇ ದಿಟ್ಟಿಸುತ್ತಿದ್ದಳು.

"ಯಾವ ಕಲ್ಲು ಮುಟ್ಟಬಾರದಂತ?"

"ಸೇತುವಿ ಕಲ್ಲು."

"ಇದು ಸೇತುವಿದಲ್ಲಪಾ. ಲಗ್ನದಾಗ ನಮ್ಮವ್ವ ಕೊಟ್ಟ ಬೀಸುಕಲ್ಲು." ಗುಂಡುಕಲ್ಲೊಂದನ್ನು ಎತ್ತಿ ಮೂರು ಪೆಟ್ಟು ಹಾಕಿದಳು. ಕಲ್ಲು ಕೂತಿತು. ಕತ್ತೆ ಮೂಸಿ ನೋಡಿ ದಾಟಿತು.

ನಾನು ಗೆದ್ದವನಂತೆ ನಕ್ಕೆ. ಅವಳು ನಗಲಿಲ್ಲ. ಸೇತುವೆಯ ನಡುವೆ ನಿಂತು ಆ ಬದಿ ಈ ಬದಿ ಬಗ್ಗಿ ನೋಡಿದಳು.

"ತಮ್ಮಾ, ಉಳಿದ ಕಲ್ಲಿನಾಗ ನಾ ಕೂಡಿಸಿದವು ಯಾವು, ಸೇತುವಿವು ಯಾವು, ನನಗೂ ನೆನಪಿಲ್ಲ. ನಾಳಿ ಅವು ಸಡಿಲಾದ್ರ ಯಾವುದನ್ನ ಮುಟ್ಲಿ?"