ಅಂಗನವಾಡಿ ಗೋಡೆಯ ಮೇಲಿನ ಕೈ

ಖಾನಾಪುರ ತಾಲ್ಲೂಕಿನ ನಂದಗಡದಿಂದ ಬೆಳಗಾವಿ ಶಹಾಪುರದ ನೇಕಾರರ ಓಣಿಗೆ ಸೊಸೆಯಾಗಿ ಬಂದ ಕಾಂತಾ ಮಹಾ ಮಾತಿನಮಲ್ಲಿ. ಮಗ್ಗದ ಸಪ್ಪಳವನ್ನೂ ಮೀರಿಸುವ ಗಂಟಲು. ಮಗ ಪ್ರಸಾದ ಹುಟ್ಟಿದ ಮೇಲಂತೂ ಕೇಳಲೇಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅವನು ಸೀನಿದರೂ ಓಣಿಗೆಲ್ಲ ಸುದ್ದಿ.

ಓಣಿಯ ಅಂಗನವಾಡಿ ಸೋರುತ್ತಿತ್ತು. ಬೆಳಗಾವಿಯ ಒಂದು ಆರ್ಕಿಟೆಕ್ಟ್ ಕಚೇರಿಯವರು ವರ್ಷಕ್ಕೊಂದು ಓಣಿಯ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಿದ್ದರು. ಆ ವರ್ಷ ಇದನ್ನು ಹಿಡಿದರು. ಕೆಲಸ ನೋಡಿಕೊಳ್ಳುತ್ತಿದ್ದ ಮನಿಷಾ ಮೇಡಂ ಅವರದು ಒಂದೇ ಪಟ್ಟು: ಏನೇ ಮಾಡಲಿ, ಓಣಿಯವರನ್ನು ಕೂಡಿಸಿ ಕೇಳಬೇಕು, ಹೆಚ್ಚು ಜನ ಕೈ ಎತ್ತಿದಂತೆ ಆಗಬೇಕು. ಕಿಟಕಿ ಎಲ್ಲಿರಬೇಕು ಎಂಬುದಕ್ಕೂ ಕೈ ಎತ್ತಿಸಿದರು. ಕಡೆಗೆ ಗೋಡೆಯ ಹಸಿ ಗಿಲಾವಿನ ಮೇಲೆ ಮಕ್ಕಳೆಲ್ಲರ ಅಂಗೈ ಒತ್ತಿಸಿದರು. ಪ್ರಸಾದನದೂ ಒಂದು.

ಮಳೆಗಾಲದಲ್ಲಿ ಡೆಂಗಿ ಬಂದು ಆ ಹುಡುಗ ಹೋಗಿಬಿಟ್ಟ. ಐದು ವರ್ಷದ ಕೂಸು! ಆ ದೇವರಿಗೆ ಬೇರೆ ಕೆಲಸವಿರಲಿಲ್ಲವೇ?

ತವರಿನವರು ಕರೆಯಲು ಬಂದರೆ ಕಾಂತಾ ಹೋಗಲಿಲ್ಲ. ದಿನಾ ಮುಂಜಾನೆ ಹೋಗಿ, ಗೋಡೆಯ ಮೇಲಿನ ಮಗನ ಅಂಗೈಯಲ್ಲಿ ತನ್ನ ಬೆರಳಿಟ್ಟು ನಿಲ್ಲುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬರಿಗೈಲಿ ಹೇಗೆ ಹೋಗುವುದೆಂದು ಒಂದು ದಿನ ವಿಭೂತಿ ಹಚ್ಚಿದಳು. ಆಮೇಲೆ ಹೂವು, ಊದಿನಕಡ್ಡಿ. ಅಮಾವಾಸ್ಯೆಗೆ ಅವನಿಗಿಷ್ಟದ ಶೇಂಗಾ ಹೋಳಿಗೆಯ ಎಡೆ ಇಟ್ಟಳು. ಎದುರುಮನೆ ಸಂಗವ್ವನ ಮೊಮ್ಮಗಳು ಅದನ್ನೆತ್ತಿ ತಿಂದಳು. ಮರುದಿನವೇ ಆ ಹುಡುಗಿಗೆ ಜ್ವರ. ಮುಗಿಯಿತಲ್ಲ! ತಾಯಂದಿರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೇ ಬಿಟ್ಟರು.

"ನಿನ್ನ ಸಂಕಟ ನನಗ ತಿಳೀತೈತಿ ಯವ್ವಾ," ಎಂದಳು ಸಂಗವ್ವ. "ಆದ್ರ ಎಡಿ ಇಟ್ಟ ಮ್ಯಾಲ ಅದು ಕೈ ಅಲ್ಲ, ಸತ್ತವರ ಗದ್ದಿಗಿ. ಅದರ ಬಾಜೂಕ ನಮ್ಮ ಕೂಸುಗಳ ಕೈ ಅದಾವ. ಮುಚ್ಚಿಸಿಬಿಡೂಣು."

ಕಾಂತಾ ಉರಿದೆದ್ದಳು. "ನನ್ನ ಮಗಾ ನಿಮ್ಮ ಹುಡುಗರಿಗೆ ಕೇಡು ಮಾಡ್ತಾನೇನ? ಅವರ ಕೂಡ ಆಡಿ ಬೆಳದಾಂವ!"

ಸುದ್ದಿ ತಿಳಿದು ಮನಿಷಾ ಮೇಡಂ ಓಡಿಬಂದರು. ಆ ಭಾಗವನ್ನಷ್ಟೇ ಕೊರೆದು ಕಾಂತಾಳಿಗೆ ಕೊಡಬಹುದೇ ಎಂದು ಗೌಂಡಿ ಈರಣ್ಣನನ್ನು ಕೇಳಿದರು. "ಗಿಲಾವು ತೆಳ್ಳಗೈತ್ರಿ. ಉಳಿ ಹಚ್ಚಿದ್ರ ಪುಡಿಪುಡಿ ಆಗತೈತಿ," ಎಂದ ಅವನು. ಕಡೆಗೆ ಮೇಡಂ ಎಂದಿನಂತೆ ಓಣಿಯವರನ್ನು ಅಂಗನವಾಡಿಯಲ್ಲೇ ಕೂಡಿಸಿ, "ಮುಚ್ಚಬೇಕು ಅನ್ನೋರು ಕೈ ಎತ್ತಿ," ಎಂದರು.

ಯಾರೂ ಎತ್ತಲಿಲ್ಲ. ಬೆನ್ನ ಹಿಂದೆ ಆಡಿದ್ದನ್ನು ಆ ತಾಯಿಯ ಮುಖ ನೋಡಿ ಆಡುವುದು ಸುಲಭವೇ? ಕಾಂತಾಳ ಜೀವಕ್ಕೆ ತುಸು ಹಾಯೆನಿಸಿತು. ಉಳಿಯಿತು, ಅವನ ಕೈ ಉಳಿಯಿತು ಅಂದುಕೊಂಡಳು.

ಆಗಲೇ ಅವಳ ಕಣ್ಣು ಸಂಗವ್ವನ ಮೊಮ್ಮಗಳ ಮೇಲೆ ಬಿತ್ತು. ಜ್ವರ ಬಿಟ್ಟು ಎದ್ದಿದ್ದ ಹುಡುಗಿ ಗೋಡೆಯತ್ತ ನೋಡಲಾರದೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ದಿನಾ ಬಾಗಿಲಿಗೆ ಬಂದು ಪ್ರಸಾದನನ್ನು ಆಟಕ್ಕೆ ಕರೆಯುತ್ತಿದ್ದವಳು ಅವಳೇ. ಎಲ್ಲರೂ ಎತ್ತಿ ಮುದ್ದಾಡಿದ ಮಗನನ್ನು ತಾನೇ ಭೂತ ಮಾಡಿ ನಿಲ್ಲಿಸಿದೆನಲ್ಲ!

ಮೊದಲು ಮೇಲೆದ್ದದ್ದು ಅವಳ ಕೈ. ಆಮೇಲೆ ಒಂದೊಂದಾಗಿ ಉಳಿದವರದು.

ಈರಣ್ಣ ಸಿಮೆಂಟು ಕಲಸಿದ. "ಆ ಕಡೆ ತಿರುಗಿ ನಿಂದ್ರು ತಂಗಿ," ಎಂದ. ಕಾಂತಾ ಅವನ ಕೈಯಿಂದ ಕರಣಿ ಇಸಿದುಕೊಂಡಳು. ಊಟವಾದ ಮೇಲೆ ಮಗನ ಕೈ ಒರೆಸುವಂತೆ ಸೆರಗಿನಿಂದ ವಿಭೂತಿ ಒರೆಸಿದಳು. ಮೊದಲು ಬೆರಳುಗಳನ್ನು ತುಂಬಿದಳು, ಅಂಗೈಯನ್ನು ಕಡೆಗೆ.

ಆಮೇಲೆ ಓಣಿಯವರ ಕಡೆ ತಿರುಗಿದಳು. "ಹುಡುಗರನ್ನ ಕಳಸ್ರಿ," ಎಂದಳು. "ನನ್ನ ಮಗಾ ಸತ್ತಾನ. ಇಲ್ಲಿ ಯಾರೂ ಇಲ್ಲ."

ಅವನು ಸತ್ತನೆಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.