ಹುಳುಮನೆ ಬಾಗಿಲಿಗೊಂದು ಬ್ಲೇಡು

ಹಿಂದಿನ ಬೆಳೆಗೆ ನಮ್ಮ ರೇಷ್ಮೆ ಹುಳುವಿಗೆ ಊಜಿ ನೊಣ ಬಿದ್ದಿತ್ತು. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವಿನೊಳಗೇ ತಿಂದು ಬೆಳೆದು, ಗೂಡನ್ನೂ ತೂತು ಮಾಡಿಕೊಂಡು ಹೊರಬಂದು ನೆಲದ ಬಿರುಕಿನಲ್ಲಿ ಅಡಗಿ ಕೂರುತ್ತದೆ. ಬಿರುಕೇ ಇಲ್ಲದಂತೆ ಮಾಡೋಣವೆಂದು ಹುಳುಮನೆಯ ಬಾಗಿಲು ಕಳಚಿಟ್ಟು ನೆಲಕ್ಕೆಲ್ಲ ಹೊಸ ಸಿಮೆಂಟ್ ಹಾಕಿಸಿದೆವು. ನೆಲ ಒಂದು ಬೆರಳಿನಷ್ಟು ಮೇಲೆ ಬಂತು. ಬಾಗಿಲನ್ನು ಮತ್ತೆ ಕೂರಿಸಲು ಹೋದರೆ ಅದು ಚೌಕಟ್ಟಿನೊಳಗೆ ಹಿಡಿಸಲೇ ಇಲ್ಲ. ನೊಣದ ಬಿಲ ಮುಚ್ಚಿ ಅದಕ್ಕೆ ಬಾಗಿಲು ತೆರೆದಿಟ್ಟ ಜಾಣರು ಜಂಗಮಕೋಟೆ ಸುತ್ತಮುತ್ತ ನಾವೊಬ್ಬರೇ ಇರಬೇಕು.

ಚಾಕಿ ಹುಳು, ಅಂದರೆ ಎಳೆಯ ಮರಿಗಳು, ಬರಲು ಒಂದು ವಾರವೂ ಇರಲಿಲ್ಲ. ಯಜಮಾನರು ಬಾಗಿಲನ್ನು ಗೋಡೆಗೆ ಒರಗಿಸಿ, "ಈ ಸಲಾನೂ ಹಿಂಗೇ ಆದ್ರೆ ಹಿಪ್ಪುನೇರಳೆ ಕಿತ್ತಾಕಿ ಗುಲಾಬಿ ಹಾಕ್ತೀನಿ ನೋಡು" ಅಂದರು. ಕೋಪದಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಆಡಿ ಸುಮ್ಮನಾಗುತ್ತಿದ್ದೆ. ಅವರು ತಣ್ಣಗೆ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು. ಈ ಮನೆಗೆ ಬಂದ ಮೇಲೆ ಇದು ನನ್ನದು ಅಂತ ನನಗೆ ದಕ್ಕಿದ್ದು ಹುಳುಮನೆಯೊಂದೇ. ಸೊಪ್ಪು ಹಾಕಿದ ಮೇಲೆ ಹುಳು ಮೇಯುವ ಸದ್ದು ಕೇಳಿದರೆ, ಹಸಿದು ಬಂದವರಿಗೆ ಬಡಿಸಿ ಅವರು ಉಣ್ಣುವುದನ್ನು ನೋಡಿದಷ್ಟು ತೃಪ್ತಿ ನನಗೆ. ಗುಲಾಬಿ ಯಾವ ಸದ್ದು ಮಾಡುತ್ತದೆ?

ಬಾಗಿಲಿನ ಕೆಳಗಂಚು ಒಂದು ಬೆರಳಷ್ಟು ಕುಯ್ದುಕೊಡಿ ಅಂತ ಬಡಗಿ ಆಚಾರಿಯವರನ್ನು ಕರೆದರೆ ನಾಳೆ ಬರ್ತೀನಿ ಅಂದರು. ಆ ನಾಳೆ ಬಂದು ಹೋಯಿತು, ಅವರು ಬರಲಿಲ್ಲ. ನಾನೇ ಕುಯ್ಯುತ್ತೇನೆ ಅಂತ ನಿರ್ಧರಿಸಿದೆ. ಮನೆಯಲ್ಲಿ ಟೈಲ್ಸ್ ಕುಯ್ಯಲು ತಂದ ಮಷೀನು ಇತ್ತು. ಯಜಮಾನರು, "ಅದ್ರಲ್ಲಿರೋ ಬ್ಲೇಡೇ ಸಾಕು ಬಿಡು" ಅಂದು ಒಂದು ಹಳೇ ಹಲಗೆಯ ಮೇಲೆ ಓಡಿಸಿ ತೋರಿಸಿದರು. ಹಲ್ಲಿಲ್ಲದ ಬ್ಲೇಡು. ಹಲಗೆ ಕುಯ್ಯುವ ಬದಲು ಹೊಗೆಯಾಡಿ ಕಪ್ಪಗೆ ಸುಟ್ಟಿತು.

ಅಷ್ಟರಲ್ಲಿ ನನ್ನ ಓರಗಿತ್ತಿ, ಪಕ್ಕದ ಮನೆಯಲ್ಲೇ ಇರುವ ಮೈದುನನ ಹೆಂಡತಿ, ತಮ್ಮ ಮರ ಕುಯ್ಯುವ ಬ್ಲೇಡು ಹಿಡಿದುಕೊಂಡು ಬಂದಳು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು. ಆದರೆ ಅವರ ಹುಳುಮನೆಯಲ್ಲಿ ಹೋದ ಬೆಳೆಗೆ ಸುಣ್ಣಕಟ್ಟು ರೋಗ ಬಿದ್ದು, ಹುಳುವೆಲ್ಲ ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತಿದ್ದವು. ಹುಳು ಸಾಕುವವರು ಒಬ್ಬರ ಹುಳುಮನೆಯಿಂದ ಇನ್ನೊಬ್ಬರದಕ್ಕೆ ಕಾಲು ತೊಳೆಯದೆ ಹೋಗುವುದಿಲ್ಲ. ಹಾಗಿರುವಾಗ ಅಲ್ಲೇ ಹುಳು ಸಾಕುವ ಸ್ಟ್ಯಾಂಡು ಕುಯ್ದ ಬ್ಲೇಡು ನನ್ನ ಬಾಗಿಲಿಗೆ ಬರುವುದೇ?

"ಸುಣ್ಣಕಟ್ಟು ಬಿದ್ದ ಮನೇದು ನಂಗೆ ಬೇಡ ಕಣೇ" ಅಂದುಬಿಟ್ಟೆ.

ಅವಳು ಬ್ಲೇಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನನ್ನ ನಾಲಿಗೆಗೆ ಮೂಳೆ ಇಲ್ಲ ಅಂತ ಅತ್ತೆ ಸುಮ್ಮನೆ ಹೇಳುತ್ತಿರಲಿಲ್ಲ. ಆದರೂ ಒಂದು ಮಾತು. ಅವಳ ಬ್ಲೇಡಿನ ಹಲ್ಲುಗಳು ಮುರಿದ ಬಾಚಣಿಗೆಯ ಹಾಗೆ ದೂರ ದೂರ, ದೊಡ್ಡ ದೊಡ್ಡದಾಗಿದ್ದವು, ರೋಗದ ಭಯ ಇಲ್ಲದಿದ್ದರೂ ನನಗೆ ಅದು ಆಗುತ್ತಿರಲಿಲ್ಲ.

ಯಾಕೆಂದರೆ ನಮ್ಮದು ಪ್ಲೈವುಡ್ ಬಾಗಿಲು, ಅದರ ಮೇಲ್ಪದರ ಈರುಳ್ಳಿ ಸಿಪ್ಪೆಯಷ್ಟು ತೆಳು. ಪ್ರತಿ ಬೆಳೆಗೂ ಹುಳುಮನೆಯನ್ನು ರೋಗ ಸೋಕದಂತೆ ಬ್ಲೀಚಿಂಗ್ ನೀರಿನಲ್ಲಿ ತೊಳೆಯುತ್ತೇವೆ. ಅಂಚು ಸಿಗುರು ಎದ್ದರೆ ಆ ನೀರನ್ನೆಲ್ಲ ಅದೇ ಕುಡಿದು ಉಬ್ಬಿ, ಬಾಗಿಲು ಮತ್ತೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಕೆಳಗೆ ಅಂಟಿಸುವ ರಬ್ಬರ್ ಪಟ್ಟಿಯೂ ಸರಿಯಾಗಿ ಕೂರುವುದಿಲ್ಲ, ನೊಣಕ್ಕೆ ಅಷ್ಟು ಸಂದು ಸಾಕು.

ಅಂಥದ್ದೇ ಹಳೇ ಬಾಗಿಲೊಂದರ ಎರಡು ತುಂಡನ್ನು ಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಹಾರ್ಡ್‌ವೇರ್ ಅಂಗಡಿಯ ಭಾಯ್ ನಾಲ್ಕೈದು ಬ್ಲೇಡು ತೆಗೆದು ಮೇಜಿನ ಮೇಲೆ ಹರಡಿದರು.

"ಎಲ್ಲಾ ಮರದ್ದೇ ಅಮ್ಮ. ಯಾವ್ದು ತಗೊಂಡ್ರೂ ಕುಯ್ಯುತ್ತೆ."

"ಕುಯ್ಯೋದು ಬೇರೆ ಭಾಯ್, ನೀಟಾಗಿ ಕುಯ್ಯೋದು ಬೇರೆ. ಈ ತುಂಡಿನ ಮೇಲೆ ಓಡ್ಸಿ ನೋಡ್ತೀನಿ."

"ಹಾಕಿ ನೋಡಿದ್ದು ವಾಪಸ್ ತಗೊಳ್ಳಲ್ಲಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. "ಮಾರ್ಕೆಟ್ಟಲ್ಲಿ ನಮ್ಮ ಗೂಡು ಕೈಗೆ ತಗೊಂಡು, ಕಿವಿ ಹತ್ರ ಅಲ್ಲಾಡ್ಸಿ, ಅಮುಕಿ ನೋಡಿ ಆಮೇಲೆ ತಾನೆ ನೂಲು ತೆಗೆಯೋ ರೀಲರ್‌ಗಳು ರೇಟು ಹೇಳೋದು? ಅಮುಕಿದ್ದು ನೀವೇ ತಗೊಳ್ಳಿ ಅಂತ ನಾವೇನಾದ್ರೂ ಅಂತೀವಾ?"

ಭಾಯ್ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. "ನಮ್ಮಣ್ಣನೂ ರೀಲರೇ ಕಣಮ್ಮ. ಒಂದು ಗೂಡು ತಗೊಳ್ಳೋಕೆ ಹತ್ತು ಗೂಡು ಅಮುಕ್ತಾನೆ" ಅಂದು, ಪೈಪು ಕುಯ್ಯಲು ಇಟ್ಟುಕೊಂಡಿದ್ದ ಮಷೀನನ್ನು ಅಂಗಡಿ ಮುಂದಕ್ಕೆ ತಂದಿಟ್ಟರು.

ದೂರ ದೂರ ಹಲ್ಲಿನ ಬ್ಲೇಡು ಸರಕ್ಕನೆ ಕುಯ್ದಿತು. ಆದರೆ ಅಂಚು ಇಲಿ ಕಡಿದ ಹಾಗಿತ್ತು. ಒತ್ತೊತ್ತಾಗಿ ಸಣ್ಣ ಹಲ್ಲುಗಳಿದ್ದ ಬ್ಲೇಡು ನಿಧಾನವಾಗಿ ಹೋಯಿತು, ಅಂಚು ಎಷ್ಟೋ ಮೇಲು. ಅಲ್ಲಿಗೇ ಬಿಡುವ ಜಾಯಮಾನ ನನ್ನದಲ್ಲ. ಬೆರಳಾಡಿಸಿ ನೋಡಿದೆ, ಮೇಲುಗಡೆ ಇನ್ನೂ ಸಣ್ಣ ಸಿಗುರು ತಾಗಿತು. ತುಂಡನ್ನು ಮಗುಚಿದರೆ ಕೆಳಗಡೆ ಅಂಚು ನುಣ್ಣಗಿತ್ತು. ಹಲ್ಲು ಕೆಳಗಿನಿಂದ ಮೇಲಕ್ಕೆ ಎತ್ತಿಕೊಂಡು ಬರುವುದರಿಂದ ಮೇಲಿನ ಪದರ ಹರಿಯುತ್ತಿದೆ ಅಂತ ಆಗ ಹೊಳೆಯಿತು. ಎರಡನೇ ತುಂಡಿಗೆ, ಕುಯ್ಯುವ ಜಾಗದಲ್ಲಿ ಅಂಗಡಿಯದೇ ಟೇಪು ಅಂಟಿಸಿ ಕುಯ್ದೆ. ಈ ಸಲ ಎರಡೂ ಕಡೆ ನುಣ್ಣಗೆ ಬಂತು. ಸಣ್ಣ ಹಲ್ಲಿನದನ್ನೇ ತೆಗೆದುಕೊಂಡೆ, ಟೇಪಿನ ಸುರುಳಿಯನ್ನೂ.

ಮನೆಗೆ ಬಂದು ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿದೆವು, ಹೊರಮುಖ ಕೆಳಗೆ. ಟೇಪು ಅಂಟಿಸಿ, ಗೆರೆ ಎಳೆದು, ಗೆರೆಯ ಮೇಲೆ ಚಾಕುವಿನಿಂದ ಗೀರಿದೆ. ಮಷೀನು ಅತ್ತಿತ್ತ ಓಡಬಾರದೆಂದು ಪಕ್ಕಕ್ಕೆ ಒಂದು ನೇರ ಪಟ್ಟಿ ಬಿಗಿದೆವು.

"ಕೊಡು, ನಾನು ಕುಯ್ತೀನಿ" ಅಂದರು ಯಜಮಾನರು.

"ನೀವು ಅಲ್ಲಾಡದ ಹಾಗೆ ಹಿಡ್ಕೊಳ್ಳಿ ಸಾಕು" ಅಂದೆ.

ಒಮ್ಮೆ ಕೆಟ್ಟರೆ ಬಾಗಿಲು ಕೆಟ್ಟ ಹಾಗೇ, ಇನ್ನೊಂದು ಮಾಡಿಸುವಷ್ಟು ಹೊತ್ತಿರಲಿಲ್ಲ. ಹಲ್ಲು ಕಚ್ಚಿ, ನೂಕದೆ, ಬ್ಲೇಡು ಎಷ್ಟು ಬೇಗ ಹೋಗುತ್ತದೋ ಅಷ್ಟೇ ಬೇಗ ಹೋದೆ. ಕುಯ್ದ ಪಟ್ಟಿ ಕೆಳಗೆ ಬಿದ್ದಾಗ ಯಜಮಾನರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಪೇಂಟ್ ಡಬ್ಬಿ ತರಲು ಹೋದರು. ಅಂಚು ನೀರು ಕುಡಿಯದಂತೆ ಅದಕ್ಕೆ ಬಣ್ಣ ಕುಡಿಸಿ, ಒಣಗಿದ ಮೇಲೆ ರಬ್ಬರ್ ಪಟ್ಟಿ ಹಾಕಿ ಬಾಗಿಲು ಕೂರಿಸಿದೆವು. ನಾನು ಒಳಗೆ ನಿಂತು ಬಾಗಿಲು ಹಾಕಿಕೊಂಡೆ. ಮಧ್ಯಾಹ್ನದ ಬಿಸಿಲು ಹೊರಗೆ ಸುಡುತ್ತಿತ್ತು, ಆದರೆ ಬಾಗಿಲ ಕೆಳಗೆ ಬೆಳಕಿನ ಒಂದು ಗೆರೆಯೂ ಕಾಣಲಿಲ್ಲ. ಅಲ್ಲೇ ಕತ್ತಲಲ್ಲಿ ನಿಂತು ಒಬ್ಬಳೇ ನಕ್ಕೆ.

ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಹುಳು ಎದ್ದ ಮೇಲೆ ಊಜಿಯ ಹಾವಳಿ ಜಾಸ್ತಿ. ಸೊಪ್ಪು ಹಾಕುವಾಗೆಲ್ಲ ಹುಳುವಿನ ಮೈಮೇಲೆ ಊಜಿ ಮರಿ ಹೊಕ್ಕ ಕಪ್ಪು ಚುಕ್ಕೆ ಇದೆಯಾ ಅಂತ ಹುಡುಕುತ್ತಿದ್ದೆ. ಅಲ್ಲೊಂದು ಇಲ್ಲೊಂದು ಸಿಕ್ಕಿತು, ಅಷ್ಟೇ. ಗೂಡು ಬಿಡಿಸುವಾಗ ತೂತು ಬಿದ್ದದ್ದು ಒಂದು ಹಿಡಿಯೂ ಆಗಲಿಲ್ಲ. ಮಾರ್ಕೆಟ್ಟಿನಿಂದ ಬಂದ ಯಜಮಾನರು ಚಪ್ಪಲಿ ಬಿಡುತ್ತಾ, "ಹಿಪ್ಪುನೇರಳೆಗೆ ಗೊಬ್ಬರ ಹೊಡೆಸ್ಬೇಕು" ಅಂದರು. ಗುಲಾಬಿಯ ಮಾತು ಅಲ್ಲಿಗೆ ಮುಗಿಯಿತು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮಾರನೇ ದಿನ ಓರಗಿತ್ತಿ ಬಂದಳು. ಅಷ್ಟು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಹುಳುಮನೆಯ ಹೊರಗೇ ನಿಂತು ಬಾಗಿಲಿನ ಅಂಚನ್ನು ನೋಡಿದಳು.

"ನಮ್ಮ ಬಾಗ್ಲೂ ಕಚ್ಕೊಂತಾ ಇದೆ ಅಕ್ಕ. ನಿನ್ನ ಬ್ಲೇಡು ಕೊಡ್ತೀಯಾ?"

ಮನಸ್ಸು ಹಗುರವಾಯಿತು. ಓಡಿಹೋಗಿ ಬ್ಲೇಡು ತಂದು ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಬ್ಲೀಚಿಂಗ್ ನೀರಲ್ಲಿ ಅದ್ದಿ ಕೊಡಕ್ಕ. ಊಜಿ ಬಿದ್ದಿದ್ದ ಮನೇದು."

ಊಜಿ ಬ್ಲೇಡಿಗೆ ಅಂಟಿಕೊಂಡು ಬರುವುದಿಲ್ಲ, ಅದು ಅವಳಿಗೂ ಗೊತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಬಕೀಟು ತಂದು, ಅವಳ ಕಣ್ಣೆದುರೇ ಅದ್ದಿ, ಒರೆಸಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಲು ಹೋದೆ.

"ಇನ್ನೊಂದ್ಸಲ ಅದ್ದು" ಅಂದಳು.

ಅದ್ದಿದೆ.