ಮೀನಿಗೂ ಮುದ್ದೆ ಕಟ್ಟುವ ಮುನಿಯಕ್ಕ

ಶನಿವಾರ ಬೆಳಗಿನ ಜಾವ. ಹೂಡಿಯ ಹಳೇ ಊರಿನೊಳಕ್ಕೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಸುತ್ತಲೂ ಅಪಾರ್ಟ್‌ಮೆಂಟುಗಳ ಲೈಟು ಉರಿಯುತ್ತಿದ್ದರೆ ಮುನಿಯಕ್ಕನ ಅಂಗಳದಲ್ಲಿ ಸೌದೆ ಒಲೆ ಉರಿಯುತ್ತಿದೆ. ತಪಲೆಯಲ್ಲಿ ರಾಗಿ ಹಿಟ್ಟು ಕೊತಕೊತ ಅನ್ನುತ್ತಿದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕವೆಗೋಲಿನಿಂದ ತಪಲೆಯನ್ನು ಒತ್ತಿ ಹಿಡಿದು ಹಿಟ್ಟು ತೊಳಸುತ್ತಿದ್ದಾರೆ. ಆ ತೋಳಿನ ಬೀಸು ನೋಡಿದರೇ ಸಾಕು, ಇದು ನಿನ್ನೆ ಮೊನ್ನೆ ಕಲಿತ ಕೆಲಸ ಅಲ್ಲ ಅಂತ ಗೊತ್ತಾಗುತ್ತದೆ.

ಮುದ್ದೆ ಅಂದಮೇಲೆ ಪಕ್ಕದಲ್ಲಿ ಸಾರಿನ ಘಮ ಇರಬೇಕಲ್ಲ? ಇಲ್ಲ. ಇದು ಮನುಷ್ಯರ ಮುದ್ದೆ ಅಲ್ಲ, ಮೀನಿನ ಮುದ್ದೆ. ಗಾಳಕ್ಕೆ ಸಿಕ್ಕಿಸುವುದು.

"ನಾವು ಉಣ್ಣೋದು ಮೆತ್ತಗಿರ್ಬೇಕು, ಬಾಯಿಗ್ ಆಕಿದ್ರೆ ಜಾರ್ಬೇಕು. ಮೀನಿಂದು ಗಟ್ಟಿಗಿರ್ಬೇಕು ಕಣಣ್ಣ. ಇಲ್ದಿದ್ರೆ ನೀರಿಗ್ ಬಿದ್ದೇಟ್ಗೆ ಅಂಬಲಿ ಆಗೋಯ್ತದೆ," ಎನ್ನುತ್ತಾ ಒಂದು ಚಿಟಿಕೆ ಸೋಂಪಿನ ಪುಡಿ ಉದುರಿಸುತ್ತಾರೆ. ಜಗಲಿಯ ಮೇಲೆ ಕೂತಿರುವ ಗಂಡ ಹನುಮಯ್ಯ ಸುಮ್ಮನಿರುವ ಆಸಾಮಿ ಅಲ್ಲ. "ಮದುವೆ ಆದಾಗಿಂದ ನಂಗೊಂದ್ ದಿನ ಸೋಂಪ್ ಆಕಿಲ್ಲ ಇವ್ಳು. ಮೀನಾಗಾದ್ರೂ ಉಟ್ಬೇಕಿತ್ತು!" ಮುನಿಯಕ್ಕ ತಿರುಗಿಯೂ ನೋಡುವುದಿಲ್ಲ. "ಉಟ್ಟಿದ್ರೆ ನಾನೇ ಸಾರ್ ಮಾಡ್ತಿದ್ದೆ" ಎನ್ನುತ್ತಾರೆ.

ವಾರಾಂತ್ಯ ಬಂತೆಂದರೆ ವೈಟ್‌ಫೀಲ್ಡ್ ಸುತ್ತಿನ ಜನಕ್ಕೆ ಗಾಳ ಹಾಕುವ ಹುಚ್ಚು. ಅವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗುವುದು ಪ್ರಸನ್ನ ಎಂಬ ಹುಡುಗನ ವ್ಯವಹಾರ. ಅವನ ಹತ್ತಿರ ಇರುವುದು ಎರಡು ಜಾಗ. ಒಂದು ಸರ್ಜಾಪುರದಾಚೆಯ ತೋಟ. ಅಲ್ಲಿನ ಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಆಯಿತು. ಇನ್ನೊಂದು ದೂರದ ಹೊಳೆ ದಂಡೆಯ ಲಾಡ್ಜು. ಅಲ್ಲಿ ಬಂಡೆ, ಸೆಳೆತ, ಬುಟ್ಟಿಯ ಹಾಗೆ ದುಂಡಗಿರುವ ತೆಪ್ಪ, ಜೊತೆಗೊಬ್ಬ ಗೈಡು. ಪರ್ಮಿಟ್ ಇರುವ ಜಾಗ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಈ ಕಾನೂನು ಕೇಳಿದ ದಿನ ಮುನಿಯಕ್ಕ ಹಣೆ ಹಣೆ ಚಚ್ಚಿಕೊಂಡಿದ್ದರಂತೆ. "ಇಡಿದು ಬಿಡೋಕೆ ಇಷ್ಟೊಂದು ಸಂಭ್ರಮಾನಾ ಅಂತ ನಗು ಬಂತು. ಈಗ ಅಂಗನ್ನಿಸಲ್ಲ."

ಹೋಗುವವರ ಚೀಲ ತುಂಬುವುದು ಮುನಿಯಕ್ಕನ ಕೆಲಸ. ಯಾರ ಕಾಲಿಗೆ ಎಂಥ ಬೂಟು, ಯಾರಿಗೆ ಬಿಸಿಲು ಆಗುವುದಿಲ್ಲ, ಯಾರ ಮಾತ್ರೆ ಮೇಲಿನ ಜೇಬಿನಲ್ಲಿ ಇರಬೇಕು, ಎಲ್ಲ ಅವರ ಜವಾಬ್ದಾರಿ. ವಾರಕ್ಕೆ ಹತ್ತು ಹನ್ನೆರಡು ಚೀಲ ಅವರ ಕೈಯಿಂದ ಹೊರಡುತ್ತವೆ. ಫೋಟೋದಲ್ಲಿ ಮೀನು ಎತ್ತಿ ಹಿಡಿದು ಹಲ್ಲು ಕಿರಿಯುವವರ ಹಿಂದೆ ಈ ಹೆಂಗಸಿನ ಕೈ ಇದೆ ಅಂತ ಯಾರಿಗೆ ತಾನೇ ಗೊತ್ತು?

ಚೀಲಗಳಿರುವ ಕೊಟ್ಟಿಗೆ ಅವರದೇ. ಒಂದು ಕಾಲಕ್ಕೆ ಇಲ್ಲಿ ಸೀಮೆ ಹಸುಗಳಿದ್ದವು. ಹಗ್ಗ ಕಟ್ಟುತ್ತಿದ್ದ ಗೂಟಗಳ ಮೇಲೆ ಈಗ ಗಾಳದ ಕೋಲುಗಳು ಒರಗಿವೆ. ಮೇವು ಬೆಳೆಯುತ್ತಿದ್ದ ಜಾಗದಲ್ಲಿ ಟೆಕ್ ಪಾರ್ಕ್ ಎದ್ದಿತು, ಹಸು ಹೋದವು. ಮುನಿಯಕ್ಕ ಅದೇ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್‌ಗೆ ಸೇರಿದರು. "ನಮ್ ರಾಗಿ ಒಲದ ಮೇಲೇ ಮಾಪ್ ಎಳೀತಿದ್ದೆ. ಲಿಫ್ಟ್ ಇರೋ ಜಾಗ ನಮ್ ಬದು" ಎಂದು ನಗುತ್ತಾರೆ. ನಗುವ ಮಾತೇ ಅಲ್ಲ ಅದು. ಹನುಮಯ್ಯ ಪೇಂಟಿಂಗ್ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡರು. ಅದೇ ಹೊತ್ತಿಗೆ ಟೆಕ್ ಪಾರ್ಕಿನ ಕಾಂಟ್ರಾಕ್ಟರ್ ಬದಲಾಗಿ, ಹೊಸಬ ಹಳೇ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ.

ಆಗ ಪ್ರಸನ್ನ ಕೊಟ್ಟಿಗೆ ಬಾಡಿಗೆಗೆ ಕೇಳಿಕೊಂಡು ಬಂದ. ಒದ್ದೆ ಚೀಲ, ಒದ್ದೆ ಬೂಟು ತಂದು ತುಂಬಿ ಬೀಗ ಹಾಕಿಕೊಂಡು ಹೋಗಿಬಿಡುತ್ತಿದ್ದ. ವಾಸನೆ ತಡೆಯಲಾಗದೆ ಮುನಿಯಕ್ಕ ಒಂದು ದಿನ ಬೀಗದ ಕೈ ಇಸಿದುಕೊಂಡು, ಎಲ್ಲವನ್ನೂ ಒಗೆದು ಬಿಸಿಲಿಗೆ ಹರವಿಬಿಟ್ಟರು. "ಬಂದು ನೋಡ್ದೆ, ಅಂಗಳ ತುಂಬಾ ನನ್ ಬಂಡವಾಳ ಒಣಗ್ತಾ ಇತ್ತು. ಅವತ್ತೇ ಅಂದೆ, ಅಕ್ಕ, ಇನ್ಮೇಲೆ ಇದನ್ನೆಲ್ಲಾ ನೀವೇ ನೋಡ್ಕೊಳಿ ಅಂತ" ಎನ್ನುತ್ತಾನೆ ಪ್ರಸನ್ನ.

ಒಗೆಯುತ್ತಾ ಒಗೆಯುತ್ತಾ ಅವರಿಗೆ ಒಂದು ವಿದ್ಯೆ ಹತ್ತಿತು. ವಾಪಸ್ ಬಂದ ಚೀಲ ಬಿಚ್ಚಿದರೆ ಹೋದವರ ಕಥೆಯೆಲ್ಲ ಗೊತ್ತಾಗುತ್ತದೆ. ಮುಟ್ಟದೇ ಬಂದ ಚಪಾತಿ, ಖಾಲಿಯಾದ ಮುಲಾಮು, ಮರಳು ತುಂಬಿದ ಒಂದೇ ಬೂಟು. ಎಲ್ಲಕ್ಕಿಂತ ಮುಖ್ಯ, ಹಳೇ ಸೀರೆಯ ತುಂಡು. ಒಣಗಿದ ಕೈಯಲ್ಲಿ ಮೀನು ಹಿಡಿದರೆ ಅದರ ಮೈಯ ಲೋಳೆ ಹೋಗುತ್ತದೆ ಎಂದು ಗೈಡು ಹೇಳಿದ್ದ. ಅದಕ್ಕೇ ಮುನಿಯಕ್ಕ ಪ್ರತಿ ಚೀಲದಲ್ಲೂ ತಮ್ಮ ನೂಲಿನ ಸೀರೆಯ ಮೆತ್ತನೆ ತುಂಡೊಂದನ್ನು ಮಡಚಿ ಇಡುತ್ತಾರೆ. ಅದನ್ನು ನೀರಲ್ಲಿ ಅದ್ದಿ ಮೀನು ಹಿಡಿದು, ಹಾಗೇ ಬಿಡಬೇಕು. "ವಾಪಸ್ ಬಂದ್ ತುಂಡು ಮೂಸಿದ್ರೆ ಸಾಕು. ಮೀನ್ ಸಿಕ್ತೋ ಇಲ್ವೋ ಅಂತ ಯಾರೂ ಏಳ್ಬೇಕಾಗಿಲ್ಲ."

ಇಂಥ ಮುನಿಯಕ್ಕ ಒಂದು ಸಲ ಎಡವಿದರು. ಅದನ್ನು ನೆನೆದರೆ ಈಗಲೂ ಅವರ ದನಿ ಇಳಿಯುತ್ತದೆ.

ಹೊರಟು ನಿಂತವರನ್ನು 'ಎಲ್ಲಿಗೆ?' ಅನ್ನಬಾರದು, ಹೋದ ಕೆಲಸ ಕೆಡುತ್ತದೆ. ಇದು ಅತ್ತೆ ಕಲಿಸಿದ ಪಾಠ. ತಿಳಿಯಲೇಬೇಕಿದ್ದರೆ 'ದೂರಾನಾ?' ಅನ್ನಬೇಕು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರಾಜಗೋಪಾಲನಗರದಿಂದ ಸಿದ್ದಲಿಂಗಯ್ಯ ಬಂದರು, ಜೊತೆಗೆ ಮಗಳು ಭುವನೇಶ್ವರಿ. ಸಿದ್ದಲಿಂಗಯ್ಯ ಪೀಣ್ಯದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಲೇತ್ ಮೆಷಿನ್ ಮುಂದೆ ನಿಂತವರು. ಪ್ರಸನ್ನ ಫೋನಿನಲ್ಲಿ ಮುಳುಗಿದ್ದ. ಮುನಿಯಕ್ಕ "ದೂರಾನಾ ಸಾರ್?" ಅಂದರು. ಸಿದ್ದಲಿಂಗಯ್ಯನವರೂ ಅದೇ ಕಾಲದವರು. ಕಾಶಿಗೆ ಹೊರಟಿದ್ದರೂ ಬಾಯಲ್ಲಿ 'ಇಲ್ಲೇ ಹತ್ರ' ಅನ್ನಬೇಕೆಂದು ಕಲಿತವರು. ಹಾಗೇ ಅಂದರು.

ಹತ್ತಿರ ಅಂದರೆ ಸರ್ಜಾಪುರದ ಕೊಳ. ಮುನಿಯಕ್ಕ ಮಡಚುವ ಕುರ್ಚಿ, ಕೊಡೆ, ರಬ್ಬರ್ ಚಪ್ಪಲಿ ತುಂಬಿ ಕಳಿಸಿದರು. ವ್ಯಾನು ಹೋಗಿದ್ದು ಹೊಳೆಗೆ. ಬಂಡೆಯ ಮೇಲೆ ಊರಲು ಕೋಲಿಲ್ಲ, ಕಾಲಿಗೆ ಬೂಟಿಲ್ಲ. ಸಿದ್ದಲಿಂಗಯ್ಯ ಜಾರಿ ಮಂಡಿ ತರಚಿಕೊಂಡರು. ಗೈಡು ತೆಪ್ಪ ಹತ್ತಿಸಲು ಒಪ್ಪಲಿಲ್ಲ. ಗಾಳ ನೀರಿಗೆ ಬೀಳದೆಯೇ ತಂದೆ ಮಗಳು ಹಿಂದಿರುಗಿದರು.

"ಸೀರೆ ತುಂಡು ಮಡಚಿದ್ದು ಮಡಚ್ದಂಗೇ ವಾಪಸ್ ಬಂತು ಕಣಣ್ಣ. ಒಬ್ ಮನುಷ್ಯನ ಆಸೆ ನನ್ ಕೈಯಾರೆ ಕೆಡಿಸ್ಬಿಟ್ನಲ್ಲಾ!"

ಅದು ಬರೀ ಆಸೆಯೂ ಅಲ್ಲ. ಸಿದ್ದಲಿಂಗಯ್ಯನವರ ಕೈ ನಡುಗುತ್ತದೆ. ವರ್ಷ ವರ್ಷ ಜಾಸ್ತಿಯಾಗುತ್ತಿದೆ; ಮುಂದಿನ ವರ್ಷಕ್ಕೆ ಕೋಲು ಹಿಡಿಯುವುದೇ ಅನುಮಾನ ಎಂದಿದ್ದಾರೆ ಡಾಕ್ಟರು. ಮೀನು ತಿನ್ನುವ ಮನೆಯವರೂ ಅಲ್ಲ ಅವರು. ಮತ್ತೆ ಯಾಕೆ ಈ ಹಟ ಎಂದರೆ ನಾಚಿಕೊಂಡೇ ಹೇಳುತ್ತಾರೆ: "ಕೂದಲೆಳೆ ತಪ್ಪದ ಹಾಗೆ ಕೆಲಸ ಮಾಡಿದ ಕೈ ಇದು. ಈಗ ಲೋಟ ಹಿಡಿದ್ರೂ ಕಾಫಿ ಚೆಲ್ಲುತ್ತೆ. ದಾರದ ತುದೀಲಿ ಮೀನು ಎಳೆದಾಗ ಎಂಥವನ ಕೈಯೂ ನಡುಗುತ್ತಂತೆ. ಒಂದೇ ಒಂದ್ಸಲ, ಈ ನಡುಕ ನಂದಲ್ಲ, ಮೀನಿಂದು ಅನ್ನಿಸ್ಬೇಕು ನಂಗೆ."

ಮತ್ತೆ ಹೋಗುವುದು ಅಂತ ಆದಾಗ ಅವರು ಹಾಕಿದ್ದು ಒಂದೇ ಷರತ್ತು: ಚೀಲ ಮುನಿಯಕ್ಕನೇ ತುಂಬಬೇಕು. "ಹತ್ರ ಅಂದೋನು ನಾನಲ್ವಾ? ತಪ್ಪಲ್ಲಿ ನನ್ ಪಾಲೂ ಇದೆ" ಅಂದರಂತೆ.

ಈ ಶನಿವಾರ ಹೊರಡುತ್ತಿರುವುದು ಅವರೇ. 'ಎಲ್ಲಿಗೆ' ಎಂಬ ಮಾತು ಮುನಿಯಕ್ಕನ ಬಾಯಲ್ಲಿ ಇವತ್ತಿಗೂ ಬರುವುದಿಲ್ಲ. ಅದಕ್ಕೊಂದು ದಾರಿ ಹುಡುಕಿಕೊಂಡಿದ್ದಾರೆ. ಹಿಂದಿನ ದಿನವೇ ಪ್ರಸನ್ನನನ್ನು ಕೇಳಿಬಿಡುತ್ತಾರೆ. ಇನ್ನೂ ಹೊರಡದವರ ಬಗ್ಗೆ ಕೇಳಿದರೆ ದೋಷ ಇಲ್ಲವಂತೆ! ಹೊಳೆಗೆ ಹೋಗುವ ಚೀಲದ ಹಿಡಿಗೆ ಕೆಂಪು ರವಿಕೆ ಬಟ್ಟೆಯ ಚೂರು ಕಟ್ಟುತ್ತಾರೆ, ಕೊಳಕ್ಕೆ ಹಸಿರು.

ಕೆಂಪು ಚೂರಿನ ಚೀಲದೊಳಗೆ ಇವತ್ತು ಅಂಗಡಿಯಲ್ಲಿ ಸಿಗದ ಸಾಮಾನುಗಳಿವೆ. ದಪ್ಪ ಕ್ಯಾನ್ವಾಸಿನಲ್ಲಿ ಅವರೇ ಹೊಲಿದ ಸೊಂಟಪಟ್ಟಿ, ಅದರಲ್ಲೊಂದು ಜೇಬು; ಕೋಲಿನ ಬುಡ ಅದರೊಳಗೆ ಕೂತರೆ ಕೈ ಅಲುಗಿದರೂ ಕೋಲು ಬೀಳುವುದಿಲ್ಲ. ಮುದ್ದೆಯನ್ನು ಗೋಲಿಯಷ್ಟಷ್ಟು ಉಂಡೆ ಕಟ್ಟಿ, ಒಂದೊಂದನ್ನೂ ಬಾಳೆಲೆ ಚೂರಲ್ಲಿ ಸುತ್ತಿದ್ದಾರೆ, ಅಲ್ಲಿ ಹೋಗಿ ಸಿದ್ದಲಿಂಗಯ್ಯನವರಿಗೆ ಉಂಡೆ ಕಟ್ಟುವ ಪಾಡು ಬೇಡ ಅಂತ. ಕಾಫಿಗೆ ಮುಚ್ಚಳದ ಲೋಟ. ಹೀಗೆ ಮಾಡಿ ಅಂತ ಯಾರೂ ಹೇಳಿಕೊಟ್ಟಿಲ್ಲ. ಕೊನೆಯಲ್ಲಿ ಸೀರೆಯ ತುಂಡು ಮಡಚಿ ಪಕ್ಕದ ಜೇಬಿಗೆ ಇಡುವಾಗ, ಅದನ್ನೊಮ್ಮೆ ಕಣ್ಣಿಗೊತ್ತಿಕೊಳ್ಳುತ್ತಾರೆ.

ವ್ಯಾನ್ ಹೊರಟು ನಿಂತಾಗ ಮುನಿಯಕ್ಕ ಕಿಟಕಿಯ ಹತ್ತಿರ ಹೋಗುತ್ತಾರೆ. "ದೂರಾನಾ ಸಾರ್?"

"ಇಲ್ಲೇ ಹತ್ರ ತಾಯಿ" ಎನ್ನುತ್ತಾರೆ ಸಿದ್ದಲಿಂಗಯ್ಯ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಭಾನುವಾರ ಇಡೀ ದಿನ ಮುನಿಯಕ್ಕನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಫೋನು ಮಾಡು ಎನ್ನುತ್ತಾರೆ ಹನುಮಯ್ಯ. ಬೇಡ ಎನ್ನುತ್ತಾರೆ ಇವರು. ಸಂಜೆ ವ್ಯಾನ್ ಬಂದಾಗ ಭುವನೇಶ್ವರಿ ಇಳಿದು ಏನೋ ಹೇಳಲು ಬಾಯಿ ತೆರೆದರೆ, "ತಡ್ಯವ್ವಾ, ಏಳ್ಬ್ಯಾಡ" ಎಂದು ಕೈ ಅಡ್ಡ ಹಿಡಿದು, ಚೀಲವನ್ನು ಅಂಗಳದ ಕಲ್ಲಿನ ಮೇಲೆ ಇಳಿಸಿಕೊಳ್ಳುತ್ತಾರೆ.

ಬೂಟು ಒದ್ದೆ. ಸೊಂಟಪಟ್ಟಿ ಒದ್ದೆ. ಬಾಳೆಲೆ ಚೂರುಗಳು ಖಾಲಿ. ಪಕ್ಕದ ಜೇಬಿಗೆ ಕೈ ಹಾಕುತ್ತಾರೆ, ಸೀರೆಯ ತುಂಡಿಲ್ಲ. ಮುಖ ಬಾಡುತ್ತದೆ. ಚೀಲವನ್ನು ಬುಡಮೇಲು ಮಾಡಿ ಕೊಡವುತ್ತಾರೆ. ತಳದಿಂದ ಒಂದು ಪ್ಲಾಸ್ಟಿಕ್ ಕವರು ಬೀಳುತ್ತದೆ, ಅದರೊಳಗೆ ಮುದುರಿಕೊಂಡ ಬಟ್ಟೆ. ಬಿಡಿಸಿ ಮೂಗಿಗೆ ಹಿಡಿಯುತ್ತಾರೆ. ಲೋಳೆ, ಹೊಳೆನೀರು, ಮೀನು. ಬಟ್ಟೆಯ ಅಂಚಿಗೆ ಅಂಟಿಕೊಂಡ ಹೊಂಬಣ್ಣದ ಒಂದೇ ಒಂದು ಹುರುಪೆ.

"ಸಿಕ್ಕೈತೆ!" ಬೀದಿಗೆಲ್ಲ ಕೇಳಿಸುವಂತೆ ಕೂಗುತ್ತಾರೆ ಮುನಿಯಕ್ಕ. "ಏಯ್, ಸಿಕ್ಕೈತೆ ಕಣ್ರೀ!" ಜಗಲಿಯಿಂದ ಹನುಮಯ್ಯ ಬೆನ್ನುನೋವು ಮರೆತು ಎದ್ದೇಬಿಡುತ್ತಾರೆ.

ಬಟ್ಟೆ ಒಗೆಯಲು ಬಕೆಟ್ಟು ತಂದ ಪ್ರಸನ್ನನಿಗೆ, "ನಾಳೆ ಒಗೆದ್ರಾಯ್ತು ಬಿಡು" ಎಂದು ಸೀರೆಯ ತುಂಡನ್ನು ಹಾಗೇ ಗೂಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ವ್ಯಾನಿನ ಕಿಟಕಿಯ ಹತ್ತಿರ ಹೋಗಿ ಇಣುಕುತ್ತಾರೆ. ಸಿದ್ದಲಿಂಗಯ್ಯ ಒರಗಿಕೊಂಡು ಗಾಢ ನಿದ್ದೆಯಲ್ಲಿದ್ದಾರೆ. ಮಡಿಲಲ್ಲಿಟ್ಟ ಕೈ ಸಣ್ಣಗೆ ನಡುಗುತ್ತಲೇ ಇದೆ.

"ನಿದ್ದೆಯಲ್ಲೂ ನಿಂತಿಲ್ಲ ನೋಡಿ ಅಕ್ಕ" ಎನ್ನುತ್ತಾಳೆ ಭುವನೇಶ್ವರಿ ಮೆಲ್ಲಗೆ.

"ನಡುಗ್ಲಿ ಬಿಡವ್ವ," ಎನ್ನುತ್ತಾರೆ ಮುನಿಯಕ್ಕ. "ಇವತ್ತಿಂದು ಮೀನಿಂದು."